ಮಗ್ಗ ಬಿಚ್ಚಿದ ಅಣ್ಣನಿಗೆ

ಪ್ರೀತಿಯ ಅಣ್ಣ,

ಈಗ ನಿನ್ನ ಜೊತೆ ಮಾತಾಡಬೇಕೆಂದರೆ ನನಗೆ ಕಾಗದವೇ ಗತಿ. ನೀನು ಬದುಕಿದ್ದಾಗಲಾದರೂ ನಾವು ಮಾತಾಡಿದ್ದು ಎಷ್ಟು, ಹೇಳು! ಒಂದೇ ಮಿಲ್ಲು, ನಾನು ನೂಲು ಸುತ್ತುವ ಕಡೆ, ನೀನು ಮಗ್ಗದ ಶೆಡ್ಡಿನಲ್ಲಿ. ಪಾಳಿ ಬದಲಾಗುವಾಗ ಗೇಟಿನ ಹತ್ತಿರ ಎದುರಾದರೆ “ಉಂಡೆಯೇನೇ?” ಎಂದು ಕೇಳಿ ನಡೆದುಬಿಡುತ್ತಿದ್ದೆ ನೀನು.

ಮಿಲ್ಲಿಗೆ ಬೀಗ ಬಿದ್ದ ಬೆಳಿಗ್ಗೆ ಗೇಟಿನ ಮುಂದೆ ಎಲ್ಲರೂ ಕೂಗಾಡುತ್ತಿದ್ದರು. ನೀನೊಬ್ಬನೇ ಕಂಬಿಗೆ ಮುಖ ಒತ್ತಿ ಇಣುಕುತ್ತಾ, “ಅರ್ಧ ನೇಯ್ದ ಬಟ್ಟೆ ಮಗ್ಗದ ಮೇಲೇ ಇದೆಯಲ್ಲೇ, ದಾರ ಸಡಿಲಾದ್ರೆ ಹಾಳಾಗತ್ತೆ” ಎಂದೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಾನು ಹೇಗೋ ಮನೆಯಲ್ಲೇ ಅಂಗಿಗಳಿಗೆ ಗುಂಡಿ ಹೊಲಿಯುತ್ತಾ ಸುಧಾರಿಸಿಕೊಂಡೆ. ನೀನು ಮೂಟೆ ಹೊತ್ತೆ, ಯಾರದೋ ಮನೆಯ ಬಾಗಿಲು ಕಾದೆ. ಎಲ್ಲಿಯೂ ಕಾಲು ನಿಲ್ಲಲಿಲ್ಲ. ಅತ್ತಿಗೆ ಪರರ ಮನೆಗೆ ಪಾತ್ರೆ ತಿಕ್ಕಲು ಹೊರಟ ದಿನ ಗೋಡೆಗೆ ಮುಖ ಮಾಡಿ ಮಲಗಿದವನು ಸಂಜೆಯವರೆಗೂ ಏಳಲಿಲ್ಲ. ಕೊನೆಗೆ ಗುಜರಿಯವನೊಬ್ಬ ಮಗ್ಗಗಳನ್ನೆಲ್ಲ ತೂಕಕ್ಕೆ ಕೊಂಡ. ಅವನ್ನು ಒಡೆಯಲು ಆಳು ಬೇಕೆಂದಾಗ ನೀನೂ ಹೋದೆ.

ನಾನು ನಿನಗೆ ಬುತ್ತಿ ತಂದ ಮಧ್ಯಾಹ್ನ ಶೆಡ್ಡಿನ ತುಂಬಾ ಸುತ್ತಿಗೆಯ ಸದ್ದು. ನೀನು ಮಾತ್ರ ನಿನ್ನ ಮಗ್ಗದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು, ಸ್ಪ್ಯಾನರಿನಿಂದ ಒಂದೊಂದಾಗಿ ಬಿಚ್ಚಿ, ಚಿಂದಿಯಲ್ಲಿ ಒರೆಸಿ ಸಾಲಾಗಿ ಇಡುತ್ತಿದ್ದೆ.

“ಏನಯ್ಯಾ, ಒಡೆಯೋಕೆ ಕರೆದ್ರೆ ಮುದ್ದು ಮಾಡ್ತಾ ಕೂತಿದ್ದೀಯಲ್ಲ!” ಎಂದು ರೇಗಿದ ಗುಜರಿಯವನು.

“ಬೇರೆ ಮಗ್ಗಗಳನ್ನ ಒಡೆದು ಕೊಡ್ತೀನಿ ಸ್ವಾಮಿ. ಇದು ನನ್ನ ಕೈಯಲ್ಲಿ ಪಳಗಿದ್ದು. ಇದಕ್ಕೆ ಸುತ್ತಿಗೆ ಎತ್ತೋಕಾಗಲ್ಲ.”

“ಹಾಗಾದ್ರೆ ಮನೆಗೆ ನಡಿ,” ಎಂದು ಅವನು ಸ್ಪ್ಯಾನರು ಕಿತ್ತುಕೊಂಡು ಇನ್ನೊಬ್ಬನನ್ನು ಕರೆದ. ಮೊದಲ ಏಟು ಬೀಳುವಷ್ಟರಲ್ಲಿ ನಾವು ಹೊರಗಿದ್ದೆವು. “ಬೇಗ ಬೇಗ ಹೆಜ್ಜೆ ಹಾಕೇ,” ಎಂದೆ ನೀನು. ಆದರೂ ಆ ಸದ್ದು ರಸ್ತೆಯ ತಿರುವಿನವರೆಗೆ ನಮ್ಮ ಬೆನ್ನು ಬಿಡಲಿಲ್ಲ.

ಅಲ್ಲಿಂದ ನೀನು ಚೇತರಿಸಿಕೊಳ್ಳಲೇ ಇಲ್ಲ. ವರ್ಷಗಟ್ಟಲೆ ಹತ್ತಿಯ ಧೂಳು ಕುಡಿದ ಎದೆ ಗೊರಗೊರ ಎನ್ನುತ್ತಿತ್ತು. ಆ ಚಳಿಗಾಲವನ್ನು ಅದು ದಾಟಲಿಲ್ಲ.

ನಿನ್ನನ್ನು ಕಳಿಸಿಕೊಡಲು ಮಿಲ್ಲಿನ ಗೆಳೆಯರೆಲ್ಲ ಬಂದಿದ್ದರು ಅಣ್ಣ. ಬೀದಿಯ ಆ ಬದಿ ಈ ಬದಿ ನಿಂತು, ಮಗ್ಗಗಳ ಗದ್ದಲದಲ್ಲಿ ಕಲಿತ ಅಭ್ಯಾಸದಂತೆ, ದನಿಯಿಲ್ಲದೆ ಬರೀ ತುಟಿಯಲ್ಲಿ ಮಾತಾಡಿಕೊಂಡರು. “ಏನಂತಿದ್ದಾರೆ ಅವರು?” ಎಂದು ಅತ್ತಿಗೆ, ಮಿಲ್ಲಿನಲ್ಲಿ ಆ ತುಟಿಮಾತು ಕಲಿತಿದ್ದ ನನ್ನನ್ನು ಕೇಳಿದರು. “ಒಳ್ಳೆ ಮನುಷ್ಯ ಹೋದ ಅಂತಿದ್ದಾರೆ ಅತ್ತಿಗೆ,” ಎಂದೆ.

ನಿಜವನ್ನು ನಿನಗಾದರೂ ಹೇಳುತ್ತೇನೆ. “ಪುಣ್ಯವಂತ. ನಾಳೆ ಕೆಲಸ ಹುಡುಕ್ಕೊಂಡು ಹೋಗೋ ಹಾಗಿಲ್ಲ,” ಎಂದಿದ್ದ ಒಬ್ಬ. ಎದುರಿಗೆ ನಿಂತವನು ಹೌದೆಂದು ತಲೆಯಾಡಿಸಿದ್ದ.

ಎದ್ದು ಓಡುವ ಅವಸರ ಇನ್ನಿಲ್ಲ. ತಣ್ಣಗೆ ಮಲಗಿರು, ಅಣ್ಣ.

ನಿನ್ನ
ತಂಗಿ