ಸೂರ್ಯ ಬಂದ ದಿನದ ಮಣಿಗಳು

ಸ್ಕಾರ್‌ವಿಕಾ, ನಾರ್ವೆ
ಫೆಬ್ರವರಿ ೧೨, ಸಂಜೆ

ಪ್ರೀತಿಯ ಆಸ್ಮುಂಡ್,

ಕೈಯ ಗಾಯ ಒಣಗಿತೇ? ಹಡಗಿನ ಫೋನು ಸಿಗುತ್ತಿಲ್ಲ, ಅದಕ್ಕೇ ಇಮೇಲಿನಲ್ಲಿ ಇಷ್ಟುದ್ದ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ ಎಂದರೆ ನೀನು ನಂಬುವುದಿಲ್ಲ, ಬಿಡು. ನೀನು ಹೊರಟ ಮರುದಿನವೇ ನಮ್ಮ ಯೊರುನ್‌ಗೆ ಜ್ವರ ಏರಿತು, ಕತ್ತು ಬಗ್ಗಿಸಲಾರದೆ ಅತ್ತಳು. ಮಿದುಳಿನ ಪೊರೆಗೆ ಸೋಂಕು ಎಂದು ಡಾಕ್ಟರು ಔಷಧಿ ಶುರುಮಾಡಿ, ಬೆನ್ನಿನಿಂದ ನೀರು ತೆಗೆದು ನಮ್ಮ ಪ್ರಯೋಗಾಲಯಕ್ಕೇ ಕಳಿಸಿದರು. ನನ್ನ ಮಗುವಿನದನ್ನು ನಾನು ಮುಟ್ಟುವಂತಿಲ್ಲವಲ್ಲ, ಪರೀಕ್ಷೆ ಮಾಡಿದ್ದು ಜೊತೆಯವನಾದ ಸ್ವೆರ್ರೆ.

ನಾನು ದಿನಾ ಗೊಣಗುವ ಆ ಮಣಿಗಳು ನಿನಗೆ ಗೊತ್ತು. ಕಣ್ಣಿಗೆ ಕಾಣದಷ್ಟು ಸಣ್ಣವು, ಒಂದೊಂದು ಬಣ್ಣದ್ದು ಒಂದೊಂದು ರೋಗಾಣುವನ್ನು ಹಿಡಿಯುತ್ತದೆ, ಯಂತ್ರ ಬಣ್ಣ ನೋಡಿ ಸಿಕ್ಕಿದ್ದು ಯಾವುದೆಂದು ಹೇಳುತ್ತದೆ. ಇಷ್ಟೇ ಇಷ್ಟು ನೀರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಹುಡುಕಬಹುದು. ಇವತ್ತು ಚಳಿಗಾಲದ ಕತ್ತಲು ಮುಗಿದು ಊರಿಗೆ ಸೂರ್ಯ ಮರಳುವ ದಿನ. ಮಧ್ಯಾಹ್ನ ಸ್ವೆರ್ರೆ ಹಬ್ಬದ ಬನ್ನು ಹಿಡಿದು ವಾರ್ಡಿಗೇ ಬಂದ. "ತಗೋ ಮಾರಾಯ್ತಿ, ತಿನ್ನು. ಮಗೂಗೆ ಯಾವ ರೋಗಾಣೂ ಇಲ್ಲ" ಅಂದ. ಡಾಕ್ಟರು ಸಂಜೆಯಿಂದ ಔಷಧಿ ನಿಲ್ಲಿಸೋಣ ಅಂದರು. ನನಗೆ ಹೋದ ಜೀವ ಬಂದಂತಾಯಿತು. ಬನ್ನು ಕಚ್ಚಿದವಳಿಗೆ ಹೊರಗಿನ ಬಿಸಿಲು ಕಂಡು ಆ ಮಣಿಗಳು ನೆನಪಾದವು. ಪ್ರಯೋಗಾಲಯದ ಕಿಟಕಿಯ ಪರದೆ ಸರಿಸಿದೆಯಾ ಎಂದು ಸ್ವೆರ್ರೆಯನ್ನು ಕೇಳಿದೆ. "ಎರಡೂವರೆ ತಿಂಗಳು ಕತ್ತಲಲ್ಲಿ ಕೊಳೆತಿದೀನಿ, ಇವತ್ತೂ ಪರದೆ ಹಾಕ್ಕೊಂಡು ಕೂರ್ಲಾ?" ಅಂದ. ಬನ್ನಿನ ತಟ್ಟೆಗೆ ಜಾಗ ಮಾಡಲು ಮಣಿಗಳ ಸೀಸೆಯನ್ನು ಬೆಳಿಗ್ಗೆಯೇ ಕಿಟಕಿಯ ಬಳಿ ಇಟ್ಟಿದ್ದನಂತೆ. ಬೆಳಕು ಬಿದ್ದರೆ ಮಣಿಗಳ ಬಣ್ಣ ಮಾಸುತ್ತದೆ. ಯಂತ್ರ ಗುರುತಿಸಲು ಮಣಿಯೇ ಸಿಗದೆ ಕೊಟ್ಟ ಸೊನ್ನೆಯನ್ನು ಇವನು ರೋಗಾಣು ಇಲ್ಲವೆಂದು ಓದಿದ್ದ.

ನಾನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಪಾಪ, ಮುಖ ಬಿಳಿಚಿಕೊಂಡು ಓಡಿದ. ಔಷಧಿ ನಿಲ್ಲಿಸಬೇಡಿ ಎಂದು ಡಾಕ್ಟರ ಮುಂದೆ ಹಟ ಹಿಡಿದೆ, ಒಪ್ಪಿದರು. ಇನ್ನೊಂದೇ ಪರೀಕ್ಷೆಗಾಗುವಷ್ಟು ನೀರು ಉಳಿದಿದೆ. ಇದೂ ಕೆಟ್ಟರೆ ಆ ಪುಟ್ಟ ಬೆನ್ನಿಗೆ ಮತ್ತೆ ಸೂಜಿ. ಪರದೆ ಎಳೆದು, ಹೊಸ ಸೀಸೆ ತೆರೆದು ಸ್ವೆರ್ರೆ ಕೂತಿದ್ದಾನೆ. ನನಗೆ ಭಯವಾಗುತ್ತಿದೆ, ಆಸ್ಮುಂಡ್. ಅವಳು ನಿದ್ದೆಯಲ್ಲೂ ನಿನ್ನನ್ನೇ ಕರೆಯುತ್ತಾಳೆ.

ಹಡಗಿನವರಿಗೆಲ್ಲ ನಾನು ಕೇಳಿದೆ ಎಂದು ಹೇಳು. ಜೋಪಾನ.

ನಿನ್ನ
ಗುನ್‌ವೋರ್

ಮರೆತ ಮಾತಲ್ಲ, ಈಗಷ್ಟೇ ಬಂದ ಫಲಿತಾಂಶ: ಮೆನಿಂಗೊಕಾಕಸ್ ಎಂಬ ರೋಗಾಣುವಂತೆ. ಕೊಡುತ್ತಿರುವ ಔಷಧಿಯೇ ಸರಿ, ಮಗು ಉಳಿಯುತ್ತಾಳೆ ಅನ್ನುತ್ತಾರೆ. ಆದರೆ ಇದು ಎಂಜಲಿನಿಂದ ಹರಡುವಂಥದ್ದು. ತಗಲದಿರಲೆಂದು ನನಗೆ ಮಾತ್ರೆ ಕೊಟ್ಟಾಯಿತು. ನೀನು ಹೊರಡುವ ಬೆಳಿಗ್ಗೆ ಅವಳನ್ನು ಮುದ್ದಾಡಿ, ಅವಳು ಬಿಟ್ಟ ಗಂಜಿಯನ್ನು ಅವಳ ಚಮಚದಲ್ಲೇ ತಿಂದೆಯಲ್ಲ! ಇದನ್ನು ಈಗಲೇ ಕ್ಯಾಪ್ಟನ್‌ಗೆ ತೋರಿಸು, ಹತ್ತಿರದ ಬಂದರಿಗೆ ಹಡಗು ತಿರುಗಿಸಲು ಹೇಳು. ಕತ್ತು ನೋಯುತ್ತಿದ್ದರೆ ದಯವಿಟ್ಟು ನನಗೆ ಸುಳ್ಳು ಹೇಳಬೇಡ.