ಹಳೆಯ ಬಣ್ಣದ ಬಟ್ಟೆ ಒಪ್ಪಿಸುವ ಅಪ್ಪಣೆಗೆ ಉತ್ತರ

ಹಿರಿಯ ಸಚಿವರೇ,

ನೀವು ಮತ್ತೆ ಪಕ್ಷ ಬದಲಿಸಿದ್ದೀರಿ; ಅದು ನಿಮ್ಮ ಕಸುಬು, ನನ್ನ ತಕರಾರಿಲ್ಲ. ಆದರೆ ಹಿಂದಿನ ಪಕ್ಷಗಳು ನಿಮ್ಮ ಮುಖ ಅಚ್ಚು ಹಾಕಿಸಿ ಹಂಚಿದ್ದ, ಸೊಂಟಕ್ಕೆ ಸುತ್ತಿ ಉಡುವ ಚಿತೇಂಜೆ ಬಟ್ಟೆಗಳನ್ನೆಲ್ಲ ಹೆಂಗಸರು ತಂದೊಪ್ಪಿಸಬೇಕಂತೆ, ಹೊಸ ಬಣ್ಣದ್ದನ್ನು ಉಟ್ಟು ಶನಿವಾರ ನೀವು ಬಂದಿಳಿಯುವಾಗ ವಿಮಾನ ನಿಲ್ದಾಣದಲ್ಲಿ ಕುಣಿಯಬೇಕಂತೆ. ನನ್ನ ತಂಗಿಯ ಮಗಳು ತಡಾಲಳಿಗೂ ಕರೆ ಬಂದಿದೆ. ಅವಳು ತುಂಬು ಬಸುರಿ. ಅವಳು ಬರುವುದಿಲ್ಲ.

ನಿಮ್ಮ ಸೇವೆಯನ್ನು ಯಾರು ಮರೆತಾರು? ಬಿಳಿಯರು ಬಾವುಟ ಇಳಿಸಿ ಹೋದಾಗ ಮೊದಲ ಅಧ್ಯಕ್ಷರಿಗೆ ಕೊಡೆ ಹಿಡಿದಿರಿ. ಅವರು ಬಿದ್ದ ಮೇಲೆ 'ನಾನೂ ಒಳಗೊಳಗೇ ಬಂದಿಯಾಗಿದ್ದೆ' ಎಂದು ರೇಡಿಯೋದಲ್ಲಿ ಅತ್ತಿರಿ, ಕಣ್ಣು ಒರೆಸಿಕೊಳ್ಳುವ ಮೊದಲೇ ಎರಡನೆಯವರ ಸಂಪುಟದಲ್ಲಿ ಕೂತಿರಿ. ಈಗ ಮೂರನೆಯವರು. ಸರ್ಕಾರಗಳು ಉರುಳಿದವು, ನಿಮ್ಮ ಕುರ್ಚಿ ಕದಲಲಿಲ್ಲ. ಇಂಥ ಅನುಭವಸ್ಥರಿಗೆ ಒಬ್ಬ ಹೆಂಗಸು ಕುಣಿಯದಿದ್ದರೆ ಯಾವ ಗೌರವಕ್ಕೆ ಕುಂದು ಬಂದೀತು?

ತಡಾಲಳ ತಾಯಿ ಎನೆಲೆಸಿ ಕುಣಿದಿದ್ದಳು. ಅದು ಮೊದಲ ಅಧ್ಯಕ್ಷರ ಕಾಲ. ಕುಣಿಯಲು ಹೋಗದವರನ್ನು ಮಾರುಕಟ್ಟೆಗೆ ಕಾಲಿಡಲು ಬಿಡುತ್ತಿರಲಿಲ್ಲ. ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತೆವು. ನಿಮ್ಮ ವಿಮಾನದ ಸುಳಿವಿಲ್ಲ. ಮಧ್ಯಾಹ್ನ ಅವಳಿಗೆ ನೋವು ಶುರುವಾಯಿತು. ಮಹಿಳಾ ಘಟಕದ ನಾಯಕಿ ಸೊಂಟಕ್ಕೆ ಕೈಯಿಟ್ಟುಕೊಂಡು ಕೇಳಿದಳು: "ಏನಮ್ಮಾ, ಸಚಿವರು ಇಳಿಯೋಕೆ ಮುಂಚೆ ನಿನ್ನ ಮಗು ಇಳೀಬೇಕಾ?"

"ಅದಕ್ಕಿನ್ನೂ ಪಕ್ಷ ಗೊತ್ತಿಲ್ಲ ಕಣಕ್ಕಾ," ಎಂದಳು ಎನೆಲೆಸಿ, ಹಲ್ಲು ಕಚ್ಚಿಕೊಂಡೇ. "ಬರ್ತಾ ಇದೆ. ಬಿಡು ನನ್ನ."

"ಅವ್ರು ಬರ್ಲಿ. ಎರಡು ಹಾಡು ಹೇಳಿ ಹೋಗುವಂತೆ."

ನೀವು ಸಂಜೆ ಇಳಿದಿರಿ, ಕೈ ಬೀಸಿದಿರಿ. ಆಮೇಲೆ ನಮ್ಮನ್ನು ಕೂಡಿಹಾಕಿದ್ದ ಗೇಟು ತೆಗೆದರು. ಆಸ್ಪತ್ರೆಯ ದಾರಿಯಲ್ಲೇ ತಡಾಲ ಹುಟ್ಟಿದಳು. ರಕ್ತ ನಿಲ್ಲದೆ ನನ್ನ ತಂಗಿ ಸತ್ತಳು.

ನಮ್ಮ ಮನೆತನದಲ್ಲಿ ಹೆಣವನ್ನು ಉಡದ ಬಟ್ಟೆಯಲ್ಲಿ ಸುತ್ತಬೇಕು. ಮನೆಯಲ್ಲಿ ಹಾಗಿದ್ದದ್ದು ಪಕ್ಷದವರು ಅಮ್ಮನಿಗೆ ಕೊಟ್ಟಿದ್ದ ಚಿತೇಂಜೆಯೊಂದೇ. ನಿಮ್ಮ ನಗುಮುಖ ಜನರಿಗೆ ಕಾಣಬಾರದೆಂದು ಅಮ್ಮ ಅದನ್ನು ಒಳಮಗ್ಗುಲಾಗಿ ಸುತ್ತಿದಳು. ಹಾಗೆ ಮಾಡಿದರೆ ಆ ಮುಖ ಮಗಳ ಎದೆಗೇ ಆತುಕೊಂಡು ಹೋಗುತ್ತದೆಂದು ಅವಳಿಗೆ ಹೊಳೆದದ್ದು ಮಣ್ಣು ಮುಚ್ಚಿದ ಮೇಲೆ. ಅಮ್ಮ ತನ್ನನ್ನು ತಾನು ಕಡೆಯವರೆಗೂ ಕ್ಷಮಿಸಿಕೊಳ್ಳಲಿಲ್ಲ. ನಾನು ನಿಮ್ಮನ್ನು ಕ್ಷಮಿಸಿಲ್ಲ.

ಬಸುರಿಯರನ್ನು ಕುಣಿಯಲು ಕರೆಯಬಾರದೆಂದು ಶನಿವಾರದೊಳಗೆ ನಿಮ್ಮ ಬಾಯಿಂದಲೇ ರೇಡಿಯೋದಲ್ಲಿ ಹೇಳಿ. ಅಲ್ಲಿ ಅತ್ತು ಅಭ್ಯಾಸವಿದೆ, ಮಾತಾಡುವುದು ಕಷ್ಟವಾಗಲಾರದು. ಇನ್ನು ನೀವು ಕೇಳಿದ ಬಟ್ಟೆ. ನಮ್ಮ ಮನೆಯದು ಎನೆಲೆಸಿಯ ಬಳಿ ಇದೆ. ಹಾರೆ ಹಿಡಿದು ನೀವೇ ಬನ್ನಿ, ಜಾಗ ತೋರಿಸುತ್ತೇನೆ.

ಇಂತಿ,
ನಿಮಗಾಗಿ ಎರಡು ಸರ್ಕಾರಗಳ ಕಾಲ ಕುಣಿದು ಮೊಣಕಾಲು ಕಳೆದುಕೊಂಡ
ಫಲೆಸಿ
ಒಣಮೀನು ಮಾರುವವಳು, ಎಂಪಾಂಡೆ ಮಾರುಕಟ್ಟೆ