ಪೈಪಿನ ಆ ತುದಿ

ಬೇಕರಿ ಕಟ್ಟಡದ ಹಿಂದಿನ ಕೋಣೆ,
ಜೂನ್ ೧೨, ಊಟದ ಹೊತ್ತು

ಪ್ರೀತಿಯ ಇವಳೇ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ನಿನ್ನ ಅಕ್ಕನ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಅವರ ಮಾತು ಅದಕ್ಕಿಂತ ಜಾಸ್ತಿ. ಎರಡನ್ನೂ ನಿಧಾನವಾಗಿ ಹತ್ತು. ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಬರೆದಿದ್ದೇನೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಉಣ್ಣುವವನೂ ನಾನೇ ಆದ್ದರಿಂದ ಇನ್ನೂ ದೂರು ಬಂದಿಲ್ಲ.

ಈ ಬೇಕರಿಯದು ದೊಡ್ಡ ಕೆಲಸ. ಕರೆಂಟಿನ ಒಲೆಗಳು, ಹಿಟ್ಟು ನಾದುವ ಯಂತ್ರ, ಎಲ್ಲ ಒಟ್ಟಿಗೆ ಓಡಬೇಕು. ಮೀಟರಿನಿಂದ ಒಲೆಯವರೆಗಿನ ದಾರಿಯೂ ಉದ್ದ. ತೆಳು ವೈರ್ ಹಾಕಿದರೆ ಮೈ ಬಿಸಿಯಾಗಿ, ಕರೆಂಟು ದಾರಿಯಲ್ಲೇ ಸೊರಗುತ್ತದೆ. ಹೆಬ್ಬೆರಳು ದಪ್ಪದ ತಾಮ್ರವೇ ಆಗಬೇಕು ಎಂದೆ. "ಗೋಡೆ ಒಳಗೆ ಹೋಗೋದನ್ನ ಯಾರ್ರೀ ನೋಡ್ತಾರೆ? ಒಂದು ಸೈಜು ಇಳಿಸಿ" ಎಂದ ಮಾಲೀಕ. "ಬೆಂಕಿ ನೋಡುತ್ತೆ ಸ್ವಾಮಿ, ಅದಕ್ಕೆ ಕಣ್ಣು ಚೆನ್ನಾಗಿದೆ" ಎಂದೆ. ಅದು ನಮ್ಮ ಪುಟ್ಟಿಯ ಮಾತು, ನಿನಗೆ ಗೊತ್ತು. ನನ್ನ ಬಾಯಲ್ಲಿ ಅಷ್ಟು ಖಾರ ಬರಲಿಲ್ಲ, ಆದರೂ ಒಪ್ಪಿದ.

ಗೋಡೆಯ ಪೈಪಿನಲ್ಲಿ ವೈರ್ ಹಾಯಿಸುವಾಗ ನಾನು ಈ ತುದಿಯಲ್ಲಿ ಎಳೆಯುವವನು, ನಮ್ಮ ಮಗಳು ಆ ತುದಿಯಲ್ಲಿ ನಿಂತು, ಮುಖಕ್ಕೆ ಬಳಿಯದ ಪೌಡರನ್ನೆಲ್ಲ ಜಾರಲೆಂದು ವೈರಿಗೆ ಬಳಿದು, ಪೈಪಿಗೆ ಉಣ್ಣಿಸುವವಳು. ನಡುವೆ ಗೋಡೆ, ಒಬ್ಬರಿಗೊಬ್ಬರು ಕಾಣೆವು. "ಬಿಡೇ ಪುಟ್ಟಿ" ಅನ್ನುತ್ತಿದ್ದೆ. "ಬಿಟ್ಟೇ ಅಪ್ಪಾ" ಎಂದ ಮೇಲೇ ಎಳೆತ. ಕೇಳದೆ ಎಳೆದರೆ ತಿರುವಿನಲ್ಲಿ ವೈರಿನ ಮೈ ತರಚುತ್ತದೆ. ಆ ಜ್ವರ ಅವಳನ್ನು ಹಾಗೆ ಎಳೆದುಕೊಂಡು ಹೋಯಿತು, ಯಾರನ್ನೂ ಕೇಳದೆ. ಗೋಡೆಗೆ ತೂಗುಹಾಕಿದ ಅವಳ ಟೂಲ್ ಬೆಲ್ಟನ್ನು ನೋಡಲಾರೆ ಅಂತ ತಾನೇ ನೀನು ಹೊರಟದ್ದು? ಮೊನ್ನೆ ತೆಗೆಯಲು ಹೋದೆ. ತೆಗೆದರೆ ಬರೀ ಮೊಳೆ ಕಾಣುತ್ತದೆ. ಮತ್ತೆ ಅಲ್ಲೇ ತೂಗುಹಾಕಿದೆ.

ನಿನ್ನೆ ಆ ತುದಿಗೆ ಗಾರೆ ಮೇಸ್ತ್ರಿ ನಿಂತಿದ್ದರು. ನನಗಿಂತ ಹಿರಿಯರು, ಎಷ್ಟೋ ಕಟ್ಟಡಗಳಲ್ಲಿ ನಮ್ಮಿಬ್ಬರ ಕೂಗು ಕೇಳಿದವರು, ಮಕ್ಕಳು ಹೆದರುವಂಥ ಮೀಸೆ. ತಿರುವಿನಲ್ಲಿ ವೈರ್ ಬಿಗಿಯಿತು. ಬಾಯಿ ತಪ್ಪಿ "ಬಿಡೇ ಪುಟ್ಟಿ" ಎಂದುಬಿಟ್ಟೆ. ಆ ಕಡೆಯಿಂದ ಆ ಗಡಸು ಗಂಟಲು ಮೆತ್ತಗೆ "ಬಿಟ್ಟೇ ಅಪ್ಪಾ" ಎಂದಿತು. ಎಳೆದೆ. ಬಂತು. ಆಮೇಲೆ ಅವರು ಗಾರೆ ಕಲಸಿದರು. ನಾನು ಬೋರ್ಡಿನೊಳಗೆ ತಲೆಯಿಟ್ಟು, ಆಗಲೇ ಬಿಗಿಯಾಗಿದ್ದ ಸ್ಕ್ರೂವನ್ನೇ ಬಿಗಿ ಮಾಡುತ್ತ ಕುಳಿತೆ.

ಅಕ್ಕನಿಗೂ ಷಡ್ಡಕರಿಗೂ ನನ್ನ ನಮಸ್ಕಾರ ತಿಳಿಸು. ಮಾತ್ರೆ ತಪ್ಪಿಸಬೇಡ.

ನಿನ್ನ,
ಏನ್ರೀ

ತಾ.ಕ.: ಮೀಟರಿನ ಕಡೆ ಕೊನೆಯ ಎಳೆತ ಬಾಕಿ ಇದೆ. ವೈರ್ ಬಂದಿಲ್ಲ ಅಂತ ಮಾಲೀಕನಿಗೆ ಸುಳ್ಳು ಹೇಳಿದ್ದೇನೆ. ಸುರುಳಿಗೆ ಗೋಣಿಚೀಲ ಹೊದಿಸಿ, ಅದರ ಮೇಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮೇಸ್ತ್ರಿಯನ್ನು ಇನ್ನೊಮ್ಮೆ ಕೇಳಲಾರೆ. ಬಂದುಬಿಡೇ. ನೀನು ಏನನ್ನೂ ಎತ್ತುವುದು ಬೇಡ, ಆ ತುದಿಯಲ್ಲಿ ಸುಮ್ಮನೆ ನಿಂತಿರು. "ಬಿಟ್ಟೆ" ಅಂತ ಮಾತ್ರ ಅನ್ನಬೇಡ, ಅದು ಅವಳ ಮಾತು. "ಇದ್ದೀನಿ ರೀ" ಅನ್ನು. ಎಳೆಯುತ್ತೇನೆ.